ಅತ್ತೆಯ ಎಡಗೈಯಾಗಿ ಎಂಟು ವಾರ

ಜನವರಿ 6, ಸೋಮವಾರ

ಹೊಸ ವರ್ಷ ಹುಟ್ಟಿ ಐದು ದಿನ ಕಳೆದ ಮೇಲೆ ಈ ದಿನಚರಿಯನ್ನು ಉದ್ಘಾಟಿಸುತ್ತಿದ್ದೇನೆ. ಗಣ್ಯರು ಯಾವಾಗಲೂ ತಡವಾಗಿಯೇ ಬರುವುದು. ಸಮಾರಂಭಕ್ಕೆ ನಾನು ಮತ್ತು ಒಂದು ನೊಣ ಹಾಜರಿದ್ದೆವು. ನೊಣ ಎರಡು ಮಾತನಾಡಿ ಬೇರೆ ಕಾರ್ಯಕ್ರಮವಿದೆಯೆಂದು ಹೊರಟುಹೋಯಿತು.

ಮುಂದೆ ಇತಿಹಾಸಕಾರರು ತಡಕಾಡಬಾರದೆಂದು ಮನೆಯ ವಿವರ ಬರೆದಿಡುತ್ತೇನೆ. ಬೀದಿ ಕಡೆಗೆ ಅಪ್ಪನ ಟೈಲರ್ ಅಂಗಡಿ. ಹಿಂದಿನ ಕೋಣೆಯಲ್ಲಿ ಸ್ಟುಡಿಯೋ. ನಡುವೆ ಉಳಿದ ಜಾಗದಲ್ಲಿ ಅಪ್ಪ, ಅಪ್ಪನ ತಂಗಿಯಾದ ನನ್ನ ಅತ್ತೆ, ಮತ್ತು ನಾನು. ಸ್ಟುಡಿಯೋ ಎಂದರೆ ಒಂದು ಮೇಜು, ಅದರ ಮೇಲೆ ಅಂಗಾತ ಮಲಗಿದ ಕಪ್ಪು ಹಲಗೆ, ಹಲಗೆಯನ್ನು ನೆತ್ತಿಯ ಮೇಲಿಂದ ಬಗ್ಗಿ ನೋಡುವ ಒಂದು ಫೋನು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅತ್ತೆ ಮೂರು ವರ್ಷದಿಂದ ಆ ಹಲಗೆಯ ಮೇಲೆ ಪಾಠ ಮಾಡುತ್ತಿದ್ದಾರೆ. ನಾನು ಚಿತ್ರೀಕರಿಸಿ, ಕತ್ತರಿಸಿ, ‘ಸೀಮೆಸುಣ್ಣ’ ಎಂಬ ನಮ್ಮ ಚಾನೆಲ್ಲಿಗೆ ಏರಿಸುತ್ತೇನೆ. ಗಣಿತದಲ್ಲಿ ಎರಡು ಸಲ ನಪಾಸಾದ ಮಹನೀಯನಿಗೆ ಇದಕ್ಕಿಂತ ತಕ್ಕ ಹುದ್ದೆ ಸಿಗಲಾರದು.

ಚಾನೆಲ್ಲಿನಲ್ಲಿ ಅತ್ತೆಯ ಮುಖ ಇಲ್ಲ. ಧ್ವನಿ, ಮತ್ತು ಎಡಗೈ. ನೀಲಿ ತೋಳು, ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ, ಹೆಬ್ಬೆರಳಿನ ಬುಡದಲ್ಲಿ ಎಳ್ಳಿನಷ್ಟು ಮಚ್ಚೆ. ಆ ಕೈ ಕೈವಾರದ ಹಂಗಿಲ್ಲದೆ, ಒಂದೇ ಉಸಿರಿಗೆ ವೃತ್ತ ಎಳೆಯುತ್ತದೆ. ಎಳೆದು ಮುಗಿಸಿದ ಮೇಲೆ ಅದು ಎಲ್ಲಿ ಶುರುವಾಗಿತ್ತೆಂದು ಯಾರೂ ಹೇಳಲಾರರು. ಪಾಠ ಬೇಡದವರೂ ಅದೊಂದನ್ನೇ ನೋಡಲು ಬರುತ್ತಾರೆ. ಅದನ್ನು ನೋಡಿದರೆ ಮನಸ್ಸು ತೊಳೆದಿಟ್ಟ ಹಾಗಾಗುತ್ತದೆ ಎಂದು ಒಬ್ಬ ಲಾರಿ ಚಾಲಕರು ಬರೆದಿದ್ದರು.

ಇವತ್ತು ಆ ವೃತ್ತ ಒಂದು ಕಡೆ ಹಲ್ಲು ಬಿಟ್ಟಿತು. ಅತ್ತೆ ಒರೆಸಿ ಮತ್ತೆ ಎಳೆದರು. ಮತ್ತೆ ಹಲ್ಲು.

"ಈ ಸೀಮೆಸುಣ್ಣ ಸರಿ ಇಲ್ಲ" ಅಂದರು.

ಐದು ಸೀಮೆಸುಣ್ಣ ಬದಲಾಯಿಸಿದೆವು. ಐದೂ ಸರಿ ಇರಲಿಲ್ಲ.

ಜನವರಿ 9, ಗುರುವಾರ

ವೈದ್ಯರು ಅತ್ತೆಗೆ ಕಾಗದದ ಮೇಲೆ ಒಂದು ಸುರುಳಿ ಬಿಡಿಸಲು ಹೇಳಿದರು. ಅತ್ತೆಗೆ! ಸುರುಳಿ! ನಾನು ಹೆಮ್ಮೆಯಿಂದ ಕುರ್ಚಿಯ ತುದಿಗೆ ಸರಿದು ಕುಳಿತೆ. ಅತ್ತೆ ಪೆನ್ನು ಹಿಡಿದರು. ಕಾಗದದ ಮೇಲೆ ಬಂದದ್ದನ್ನು ಇಬ್ಬರೂ ನೋಡಿದೆವು. ವೈದ್ಯರು ಮಾತ್ರ ನೋಡದವರಂತೆ ಕನ್ನಡಕ ಒರೆಸಿಕೊಂಡರು.

"ಎಷ್ಟು ದಿನದಿಂದ ಹೀಗಿದೆ?"

"ಸೋಮವಾರದಿಂದ" ಅಂದರು ಅತ್ತೆ.

"ಆರು ತಿಂಗಳಿಂದ ಡಾಕ್ಟ್ರೇ. ಇವರು ಟೀ ತಂದ್ರೆ ಕಪ್ಪಿಗಿಂತ ಮುಂಚೆ ತಟ್ಟೆ ಸದ್ದು ಬರುತ್ತೆ" ಅಂದೆ ನಾನು.

ಅತ್ತೆ ನನ್ನನ್ನು ತಪ್ಪು ಉತ್ತರವನ್ನು ನೋಡುವ ಹಾಗೆ ನೋಡಿದರು.

ಜೀವಕ್ಕೆ ಅಪಾಯವಿಲ್ಲವಂತೆ. ಮಾತ್ರೆಯಿಂದ ನಡುಕ ಕೊಂಚ ತಗ್ಗಬಹುದು, ಪೂರ್ತಿ ಹೋಗುವುದಿಲ್ಲವಂತೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ತೀರ್ಪು ಕೊಟ್ಟರು.

"ಚಾನೆಲ್ ಮುಚ್ಚಿಬಿಡೋಣ."

"ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡು ತಿಂಗಳಿದೆ ಅತ್ತೆ. ವೃತ್ತದ ಪಾಠ ಇನ್ನೂ ಅರ್ಧ ಆಗಿಲ್ಲ. ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದಾರೆ."

"ಸೊಟ್ಟ ಗೆರೆ ಎಳೆದು ಇದು ನೇರ ಅನ್ನೋದು ನನ್ನ ಕೈಲಾಗಲ್ಲ ಕಣೋ."

"ನನ್ನ ಕೈಲಾಗುತ್ತೆ."

ತಮಾಷೆಗೆ ಅಂದದ್ದು. ನಾನು ಏನು ಹೇಳಿದರೂ ತಮಾಷೆಗೇ ಹೇಳುವುದು, ಅದು ನನ್ನ ವ್ರತ. ಆದರೆ ಅತ್ತೆ ನಗಲಿಲ್ಲ. ನನ್ನ ಎಡಗೈಯನ್ನು ಎತ್ತಿಕೊಂಡು, ಅಂಗಡಿಯಲ್ಲಿ ಹಣ್ಣು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿದರು.

"ಬೆರಳು ನಮ್ಮ ಮನೆಯದ್ದೇ" ಅಂದರು.

ಸಂಜೆ ಹೊತ್ತಿಗೆ ಒಪ್ಪಂದವಾಯಿತು. ಧ್ವನಿ ಅವರದು, ಕೈ ನನ್ನದು, ಪರೀಕ್ಷೆ ಮುಗಿಯುವ ತನಕ ಮಾತ್ರ. ಅದಾದ ಮೇಲೆ ‘ಸೀಮೆಸುಣ್ಣ’ ಬಂದ್. ಒಂದು ಷರತ್ತನ್ನು ಮೂರು ಸಲ ಹೇಳಿದರು: "ವೃತ್ತ ಕೈಯಲ್ಲೇ ಬರಬೇಕು. ಡಬ್ಬಿ ಮುಚ್ಚಳ ಇಟ್ಟು ಗೀಚಿದೆಯೋ, ಕಿವಿ ಕಿತ್ತು ಕೈಗೆ ಕೊಡ್ತೀನಿ. ಕೈ ಯಾರದ್ದು ಅನ್ನೋದರಲ್ಲಿ ಸುಳ್ಳು ಹೇಳ್ತಿದೀವಿ, ಅಷ್ಟು ಸಾಕು. ಗೆರೆಯಲ್ಲೂ ಬೇಡ."

ಹೀಗೆ ನಾನು ಈ ದಿನ ಗೋಧೂಳಿಯ ಹೊತ್ತಿಗೆ ಅತ್ತೆಯವರ ಎಡಗೈಯಾಗಿ ಅಧಿಕಾರ ಸ್ವೀಕರಿಸಿದೆ.

ಜನವರಿ 11, ಶನಿವಾರ

ಅಪ್ಪ ಅಳತೆ ಪಟ್ಟಿ ಹಿಡಿದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಒಂದೇ ತೋಳು ಸಾಕಾ?"

"ಕ್ಯಾಮೆರಾಕ್ಕೆ ಮೊಣಕೈ ತನಕ ಕಾಣೋದಪ್ಪ."

"ಮೂವತ್ತೈದು ವರ್ಷದಲ್ಲಿ ತೋಳಿಲ್ಲದ ಅಂಗಿ ಹೊಲಿದಿದ್ದೀನಿ. ಅಂಗಿಯಿಲ್ಲದ ತೋಳು ಇದೇ ಮೊದಲು" ಅಂದರು ಅಪ್ಪ, ದುಃಖದಿಂದ. ಆಮೇಲೆ ಅತ್ತೆಯ ಹಳೆಯ ನೀಲಿ ಬಟ್ಟೆಯಿಂದಲೇ ಒಂದು ತೋಳು ಹೊಲಿದು, ಭುಜದ ತುದಿಗೆ ಇಲಾಸ್ಟಿಕ್ ಹಾಕಿ ಕೊಟ್ಟರು. ಬನಿಯನ್ನಿನ ಮೇಲೆ ಅದೊಂದನ್ನೇ ಏರಿಸಿಕೊಂಡು ಕನ್ನಡಿಯೆದುರು ನಿಂತೆ. ಸಮವಸ್ತ್ರ ತೊಡುವಾಗ ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಅಧಿಕಾರಿಯಂತೆ ಕಂಡೆ. ಕೈಯ ಕೂದಲನ್ನು ಬೋಳಿಸಿಯಾಯಿತು. ಮಚ್ಚೆಯನ್ನು ಪೆನ್ನಿನಿಂದ ಇಡುವುದು.

ಒಂದೇ ತೊಡಕು: ನಾನು ಬಲಗೈಯವನು. ಬಲಗೈಯಲ್ಲಿ ಎಳೆದು ವೀಡಿಯೋವನ್ನು ಕನ್ನಡಿಯಂತೆ ತಿರುಗಿಸಿಬಿಡುವ ಉಪಾಯ ಮಾಡಿದೆ. ಕೈ ಎಡಗೈಯಾಯಿತು. ಅದರ ಜೊತೆಗೆ ಹಲಗೆಯ ಮೇಲಿನ ಅಕ್ಷರ, ಅಂಕಿಗಳೆಲ್ಲ ನಮಗೆ ಬೆನ್ನು ತಿರುಗಿಸಿ ನಿಂತವು.

"ಉಪಾಯ ಮುಗೀತಾ? ಈಗ ಎಡಗೈಯಲ್ಲಿ ಕಲಿ. ಮೂರು ಪಾಠ ಮುಂಚೆಯೇ ಮಾಡಿಟ್ಟಿದ್ದೀವಿ. ನಿನಗೆ ಮೂರು ವಾರ ಇದೆ" ಅಂದರು ಅತ್ತೆ.

ಜನವರಿ 19, ಭಾನುವಾರ

ಎಡಗೈಯಲ್ಲಿ ಹಲ್ಲುಜ್ಜಿದೆ. ಹಲ್ಲಿಗಿಂತ ಗಲ್ಲ ಸ್ವಚ್ಛವಾಯಿತು.

ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನಮ್ಮ ಬೀದಿ ನಿದ್ದೆ ಹೋಗುತ್ತದೆ. ರೆಕಾರ್ಡಿಂಗಿನ ಹೊತ್ತು ಅದು. ಅಪ್ಪ ಯಂತ್ರ ನಿಲ್ಲಿಸಿ, ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡೇ ಬಟ್ಟೆಯ ರಾಶಿಗೆ ಒರಗುತ್ತಾರೆ. ಅಂಗಡಿಯ ಬಾಗಿಲಿಗೆ ನಾನೊಂದು ಫಲಕ ತೂಗುಹಾಕಿದ್ದೇನೆ: ‘ಒಳಗೆ ವೃತ್ತ ಜನಿಸುತ್ತಿದೆ. ಮೌನವಿರಲಿ. ಆಜ್ಞೆಯ ಮೇರೆಗೆ.’ ಪ್ಯಾಂಟು ಕೊಡಲು ಬಂದವರೊಬ್ಬರು ಅಪ್ಪನನ್ನು ಎಬ್ಬಿಸಿ, ಗಂಡೋ ಹೆಣ್ಣೋ ಎಂದು ಪಿಸುಮಾತಿನಲ್ಲಿ ವಿಚಾರಿಸಿದರಂತೆ.

ಫ್ಯಾನು ಸದ್ದು ಮಾಡುವುದರಿಂದ ಅದೂ ಬಂದ್. ಪರದೆಯ ಸಂದಿನಿಂದ ಒಂದು ಬಿಸಿಲ ಕೋಲು ಇಳಿದು ಮೇಜಿನ ಕಾಲನ್ನು ಮುಟ್ಟುತ್ತದೆ. ಅದರೊಳಗೆ ಸುಣ್ಣದ ಧೂಳು ಯಾವ ಅವಸರವೂ ಇಲ್ಲದೆ ಮೇಲೆ ಕೆಳಗೆ ಓಡಾಡುತ್ತದೆ. ಒರೆಸಿದ ಹಲಗೆ ನಿಂತ ನೀರಿನ ಹಾಗೆ ಕಾಣುತ್ತದೆ.

"ಬೆರಳಿಂದ ಎಳೀಬೇಡ. ಮೊಣಕೈಯಿಂದಲೂ ಅಲ್ಲ. ಭುಜದಿಂದ ಬರಲಿ" ಎನ್ನುತ್ತಾರೆ ಅತ್ತೆ ಪಕ್ಕದಿಂದ.

ಎಳೆದೆ. ಆಲೂಗಡ್ಡೆ ಬಂತು.

"ಸೀಮೆಸುಣ್ಣ ಎಲ್ಲಿದೆ ಅಂತ ನೋಡ್ತಿದೀಯ. ಅದನ್ನ ನೋಡ್ಬೇಡ. ನಡುವೆ ಏನೂ ಇಲ್ವಲ್ಲ, ಅಲ್ಲಿ ನೋಡು. ಕೈ ತಾನೇ ಸುತ್ತುತ್ತೆ."

ಏನೂ ಇಲ್ಲದ ಜಾಗವನ್ನು ನೋಡುವುದರಲ್ಲಿ ನನಗೆ ಶಾಲೆಯ ಕಾಲದಿಂದ ಪರಿಣತಿ ಇದೆ. ಆದರೂ ಇವತ್ತು ಎಂಬತ್ತು ಆಲೂಗಡ್ಡೆ, ಹನ್ನೆರಡು ಮೊಟ್ಟೆ, ಒಂದು ದೋಣಿ.

ಜನವರಿ 23, ಗುರುವಾರ

ಬೀದಿಯಲ್ಲಿ ನಡೆಯುವಾಗ ಎಲ್ಲವೂ ಗುಂಡಗಿವೆ. ಚರಂಡಿಯ ಮುಚ್ಚಳ, ಸೈಕಲ್ಲಿನ ಚಕ್ರ, ಎದುರು ಮನೆಯ ಅಜ್ಜಿಯ ಆಕಳಿಕೆ. ನಾನು ಒಂದೊಂದರ ನಡುವನ್ನೂ ನೋಡುತ್ತ ಹೋಗಿ ಕಂಬಕ್ಕೆ ಹಾಯ್ದೆ. ಕಂಬವನ್ನು ಮೇಲಿನಿಂದ ನೋಡಿದರೆ ಅದೂ ಗುಂಡಗೇ ಇರಬೇಕು.

ಜನವರಿ 30, ಗುರುವಾರ

ಬಂತು.

ಹೇಗೆ ಬಂತೋ ಗೊತ್ತಿಲ್ಲ. ಅತ್ತೆ ಜ್ಯಾ ಎಂದರೇನು ಎಂದು ಹೇಳುತ್ತಿದ್ದರು, ಅವರ ಧ್ವನಿ ದೂರದ ಯಾವುದೋ ಕೋಣೆಯಿಂದ ಬಂದ ಹಾಗಿತ್ತು. ನಾನು ಹಲಗೆಯ ನಡುವಿನ ಕತ್ತಲನ್ನು ನೋಡುತ್ತಿದ್ದೆ. ವೃತ್ತವೇ ನನ್ನ ಕೈಹಿಡಿದು ಒಂದು ಸುತ್ತು ತಿರುಗಾಡಿಸಿ, ಹೊರಟ ಬಾಗಿಲಿಗೇ ತಂದುಬಿಟ್ಟಿತು. ಸೀಮೆಸುಣ್ಣ ಎತ್ತಿದೆ. ಗೆರೆ ಎಲ್ಲಿ ಕೂಡಿತೆಂದು ನನಗೇ ಕಾಣಲಿಲ್ಲ.

ಅತ್ತೆ ಒಂದು ಕ್ಷಣ ಮಾತು ನಿಲ್ಲಿಸಿದರು. ಆಮೇಲೆ ಪಾಠ ಮುಂದುವರಿಸಿದರು. ಕತ್ತರಿಸುವಾಗ ಆ ಮೌನವನ್ನು ತೆಗೆಯಬೇಕಾಗಿತ್ತು, ಯಾಕೋ ತೆಗೆಯಲಿಲ್ಲ.

ಫೆಬ್ರವರಿ 7, ಶುಕ್ರವಾರ

ಘೋರ ಪ್ರಮಾದ. ‘ಕೊನೇ ಬೆಂಚು’ ಎಂಬ ಹೆಸರಿನಲ್ಲಿ ಪ್ರತಿ ಪಾಠಕ್ಕೂ ಪ್ರಶ್ನೆ ಬರೆಯುವ ಮಗುವೊಂದಿದೆ. ಹುಡುಗನೋ ಹುಡುಗಿಯೋ ತಿಳಿಯದು. ಇವತ್ತು ಬರೆದದ್ದು ಇಷ್ಟು: "ಟೀಚರ್, ಹೋದ ವಾರ ನಿಮ್ಮ ಮಚ್ಚೆ ಹೆಬ್ಬೆರಳ ಹತ್ರ ಇತ್ತು. ಈ ವಾರ ಕಿರುಬೆರಳ ಹತ್ರ ಇದೆ. ಹೋಗ್ತಾ ಹೋಗ್ತಾ ಎಲ್ಲಿಗೆ ಹೋಗುತ್ತೆ?"

ಅವಸರದಲ್ಲಿ ತಪ್ಪು ಕಡೆ ಇಟ್ಟುಬಿಟ್ಟಿದ್ದೆ. ಕೆಳಗೆ ನಲವತ್ತು ಜನ ನಕ್ಕಿದ್ದಾರೆ. ಅತ್ತೆಗೆ ತೋರಿಸಿದೆ.

"ಅದಕ್ಕೇನು ಬರೀಲಿ?"

"‘ಮಚ್ಚೆ ಅಲ್ಲ, ಮಸಿ’ ಅಂತ ಬರಿ. ಅದು ನಿಜ ತಾನೇ" ಅಂದರು.

ಬರೆದೆ. ಅತ್ತೆ ನಗಲಿಲ್ಲ. ಕಳೆದ ವರ್ಷವಾಗಿದ್ದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು.

ಫೆಬ್ರವರಿ 13, ಗುರುವಾರ

ಅರ್ಧವೃತ್ತದ ಪಾಠ. ವ್ಯಾಸದ ಎರಡು ತುದಿಯಿಂದ ವೃತ್ತದ ಮೇಲಿನ ಯಾವುದೇ ಬಿಂದುವಿಗೆ ಗೆರೆ ಎಳೆದರೆ ಅಲ್ಲಿ ಲಂಬಕೋನವೇ ಆಗುತ್ತದಂತೆ. ಬಿಂದು ಎಲ್ಲಿಟ್ಟರೂ! ಕೈ ಸುಮ್ಮನೆ ಎಳೆದುಕೊಂಡು ಹೋಗಬೇಕಿತ್ತು. ಆದರೆ ಕೈಯ ಯಜಮಾನನಿಗೆ ಸಂಶಯ ಬಂತು. ರೆಕಾರ್ಡಿಂಗ್ ನಿಲ್ಲಿಸಿದೆ.

"ಎಲ್ಲಿಟ್ಟರೂ ಅಂದ್ರೆ? ಅಂಚಿಗೆ ತಂದ್ರೆ ಕೋನ ಬಡಕಲಾಗಬೇಕಲ್ಲ?"

ಅತ್ತೆ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಕೇಂದ್ರದಿಂದ ಬಿಂದುವಿಗೆ ಒಂದು ಗೆರೆ ಎಳೆಯಲು ಹೇಳಿ, ಅಲ್ಲಿ ಹುಟ್ಟಿದ ಎರಡು ತ್ರಿಭುಜಗಳನ್ನು ತೋರಿಸಿ, ನಾಲ್ಕು ಸಾಲಿನಲ್ಲಿ ಸಾಧಿಸಿಬಿಟ್ಟರು. ತಲೆ ಒಪ್ಪಿತು. ಮನಸ್ಸು ಒಪ್ಪಲಿಲ್ಲ.

ರಾತ್ರಿ ಊಟದ ನಂತರ ಜೊಂಪು ಹತ್ತಿತು. ಕನಸಿನಲ್ಲಿ ನಾನೇ ಬಿಂದು. ದೊಡ್ಡದೊಂದು ಬಾಗಿದ ಬೀದಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೇನೆ, ನೆಲ ಹಲಗೆಯಷ್ಟು ತಣ್ಣಗೆ. ದೂರದ ಒಂದು ತುದಿಯಲ್ಲಿ ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದಾರೆ, ಇನ್ನೊಂದು ತುದಿಯಲ್ಲಿ ಅತ್ತೆ ಬೆನ್ನು ಮಾಡಿ ಕುಳಿತಿದ್ದಾರೆ. ನಾನು ಅಪ್ಪನ ಹತ್ತಿರ ಹೋದರೂ, ಅತ್ತೆಯ ಹತ್ತಿರ ಹೋದರೂ, ಒಬ್ಬರಿಂದ ಇನ್ನೊಬ್ಬರ ಕಡೆ ನೋಡಲು ತಲೆಯನ್ನು ಅಷ್ಟೇ ತಿರುಗಿಸಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಚ್ಚರವಾದಾಗ ಕೊರಳು ನೋಯುತ್ತಿತ್ತು.

ಫೆಬ್ರವರಿ 21, ಶುಕ್ರವಾರ

ಅತ್ತೆ ಈಗ ಅರ್ಧ ಕಪ್ಪು ಟೀ ಮಾತ್ರ ಹಾಕಿಕೊಳ್ಳುತ್ತಾರೆ. ಪಾಠ ಹೇಳುವಾಗ ಎಡಗೈಯ ಮೇಲೆ ಬಲಗೈ ಇಟ್ಟುಕೊಂಡು, ಯಾರದ್ದೋ ಮಗುವನ್ನು ಸುಮ್ಮನಿರಿಸುವ ಹಾಗೆ ಕುಳಿತಿರುತ್ತಾರೆ. ಹಲಗೆಯ ಹತ್ತಿರ ಬರುವುದನ್ನೇ ಬಿಟ್ಟಿದ್ದಾರೆ.

ಇವತ್ತು ಉಳಿದ ಪಾಠಗಳ ಪಟ್ಟಿಯನ್ನು ನನಗೆ ಕೊಟ್ಟರು. ಏಳು, ಇನ್ನು ವಾರಕ್ಕೆ ಎರಡು ಮೂರರಂತೆ. ಅದರ ಕೆಳಗೆ ಒಂದು ಗೆರೆ.

"ಆಮೇಲೆ?" ಅಂದೆ.

"ಆಮೇಲೆ ಏನು. ಮುಗೀತು."

"ಮುಗಿದ ಮೇಲೆ ನೀವು ಏನು ಮಾಡ್ತೀರಿ?"

"ನಿಮ್ಮಪ್ಪನಿಗೆ ಗುಂಡಿ ಹೊಲಿದುಕೊಡ್ತೀನಿ."

ಇಬ್ಬರೂ ಅವರ ಕೈ ನೋಡಿದೆವು. ಅತ್ತೆ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡರು.

ಇಂಥ ಹೊತ್ತಿನಲ್ಲಿ ನಾನು ಏನಾದರೂ ಹೇಳಿ ನಗಿಸಬೇಕು. ಅದಕ್ಕೇ ನನ್ನನ್ನು ಈ ಮನೆಯಲ್ಲಿ ಸಾಕಿರುವುದು. "ಪಟ್ಟಿ ಚೆನ್ನಾಗಿದೆ" ಅಂದೆ.

ಮಾರ್ಚ್ 1, ಶನಿವಾರ

ಪರೀಕ್ಷೆಗೆ ಮೊದಲು ಪ್ರತಿ ವರ್ಷ ಒಂದು ನೇರ ಪಾಠ ಇರುತ್ತದೆ. ಮಕ್ಕಳು ಕೇಳುತ್ತಾರೆ, ಅತ್ತೆ ಅಲ್ಲೇ ಬಿಡಿಸುತ್ತಾರೆ. ಕತ್ತರಿಸಲು, ಅಂಟಿಸಲು ಅವಕಾಶವಿಲ್ಲ. ಈ ವರ್ಷ ಅದು ಮುಂದಿನ ಶನಿವಾರ, ನಾಲ್ಕು ಗಂಟೆಗೆ.

"ಬೇಡ ಅಂತ ಹಾಕಿಬಿಡು" ಅಂದರು ಅತ್ತೆ.

"ನಾನು ಮೇಜಿನ ಈ ಕಡೆ ಮೋಟು ಸ್ಟೂಲಿನ ಮೇಲೆ ಕೂತು ಕೈ ಮಾತ್ರ ಚಾಚ್ತೀನಿ. ಉಸಿರೂ ಬಿಡಲ್ಲ."

"ನೀನಾ? ಸುಮ್ಮನೆ? ಒಂದು ಗಂಟೆ?"

ಈ ಸಂಶಯ ನನ್ನ ಸ್ಥಾನಮಾನಕ್ಕೆ ಧಕ್ಕೆ ತರುವಂಥದ್ದು. ಪ್ರತಿಭಟನೆಯಾಗಿ ಇಡೀ ಸಂಜೆ ಮೌನವಾಗಿದ್ದೆ. ಅಪ್ಪ ಬಂದು ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಮಾರ್ಚ್ 8, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾಲ್ಕು ಗಂಟೆಗೆ ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳು ಬಂದು ಕುಳಿತಿದ್ದರು. ಕುಳಿತದ್ದು ಅವರವರ ಮನೆಗಳಲ್ಲಿ, ಆದರೆ ಆ ಸಂಖ್ಯೆಯನ್ನು ನೋಡಿದಾಗ ಪರದೆಯ ಆಚೆ ಯಾರೋ ಒಟ್ಟಿಗೆ ಉಸಿರಾಡಿದ ಹಾಗನಿಸಿತು. ಅಪ್ಪ ಬಾಗಿಲಲ್ಲಿ ಕಾವಲು. ಅತ್ತೆ ಬಲಕ್ಕೆ, ಮೈಕು ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಬರುವ ಪ್ರಶ್ನೆಗಳನ್ನು ಓದುತ್ತಿದ್ದರು. ನಾನು ಎಡಕ್ಕೆ, ಸ್ಟೂಲಿನ ಮೇಲೆ, ಬನಿಯನ್ ಮತ್ತು ಒಂದು ನೀಲಿ ತೋಳಿನಲ್ಲಿ. ಮಚ್ಚೆ ಸರಿಯಾದ ಜಾಗದಲ್ಲಿತ್ತು. ನಲವತ್ತು ನಿಮಿಷ ಸೊಗಸಾಗಿ ನಡೆಯಿತು. ನಾನು ಕೈಯೇ ಆಗಿಹೋಗಿದ್ದೆ, ಮಿಕ್ಕ ದೇಹ ಎಲ್ಲೋ ಮಲಗಿತ್ತು.

ಆಗ ಕೊನೇ ಬೆಂಚು ಬರೆಯಿತು. ಅತ್ತೆ ಓದಿದರು: "ಟೀಚರ್, ಅರ್ಧವೃತ್ತದಲ್ಲಿ ಬಿಂದು ಅಂಚಿಗೆ ಹೋದ್ರೆ ಕೋನ ಸ್ವಲ್ಪನಾದ್ರೂ ಸಣ್ಣ ಆಗಲ್ವಾ?"

ಅತ್ತೆ ಆ ನಾಲ್ಕು ಸಾಲಿನ ಸಾಧನೆಯನ್ನು ಹೇಳಿದರು. ಕೈ ಎಳೆಯಿತು. "ಅರ್ಥ ಆಯ್ತಾ?"

"ಸಾಧನೆ ಅರ್ಥ ಆಯ್ತು ಟೀಚರ್. ಆದ್ರೂ ನಂಬಿಕೆ ಬರ್ತಿಲ್ಲ."

ಅತ್ತೆ ಮತ್ತೊಮ್ಮೆ, ನಿಧಾನವಾಗಿ ಹೇಳಿದರು. ಕೈ ಮತ್ತೊಮ್ಮೆ ಎಳೆಯಿತು.

"ಪರವಾಗಿಲ್ಲ ಟೀಚರ್, ಬಾಯಿಪಾಠ ಮಾಡ್ಕೋತೀನಿ."

ಆ ಮಾತು ನನಗೆ ಗೊತ್ತು. ಎರಡು ಸಲ ನಪಾಸಾಗುವ ಮೊದಲು ಎರಡು ಸಲವೂ ನಾನು ಅದನ್ನೇ ಹೇಳಿದ್ದೆ, ಅಷ್ಟೇ ವಿನಯದಿಂದ.

"ಬಾಯಿಪಾಠ ಬೇಡ, ಇರು ಇರು" ಎಂದು ಯಾರೋ ಅಂದರು. ಧ್ವನಿ ಗಂಡಸಿನದು.

ಸ್ಟೂಲಿನಿಂದ ಎದ್ದು, ಹಲಗೆಯ ಮೇಲೆ ಪೂರ್ತಿ ಬಗ್ಗಿ ಅದನ್ನು ಒರೆಸಿ, ವೃತ್ತ ಎಳೆಯದೆ ವ್ಯಾಸವನ್ನಷ್ಟೇ ಎಳೆದು ಎರಡು ತುದಿಗೆ ಗುರುತು ಮಾಡಿದೆ. ಕೈಗೆ ಸಿಕ್ಕಿದ್ದು ಇದೇ ದಿನಚರಿ. ರಟ್ಟಿನ ಮೂಲೆ ಚೌಕವಾಗಿದೆ, ಅಷ್ಟೇ ಬೇಕಿತ್ತು. "ನೋಡು, ಈ ಮೂಲೆ ಲಂಬಕೋನ. ಇದರ ಒಂದು ಅಂಚು ಈ ಗುರುತಿಗೆ ತಾಗಲಿ, ಇನ್ನೊಂದು ಅಂಚು ಆ ಗುರುತಿಗೆ. ಮೂಲೆ ಎಲ್ಲಿ ಬಂತೋ ಅಲ್ಲೊಂದು ಚುಕ್ಕೆ. ಈಗ ಪುಸ್ತಕ ಸ್ವಲ್ಪ ಜರುಗಿಸ್ತೀನಿ. ಎರಡೂ ಅಂಚು ಗುರುತಿಗೆ ತಾಗಿರಬೇಕು. ಮತ್ತೊಂದು ಚುಕ್ಕೆ. ಇನ್ನೂ ಅಂಚಿಗೆ ಹೋಗೋಣ. ಮೂಲೆ ಸಣ್ಣ ಆಯ್ತಾ? ಎಲ್ಲಿ ಆಗುತ್ತೆ, ಪುಸ್ತಕ ಅದೇ ಅಲ್ವಾ! ಒಂದು ಅಂಚು ಗಿಡ್ಡ ಆಯ್ತು, ಇನ್ನೊಂದು ಉದ್ದ ಆಯ್ತು. ಮೂಲೆಗೆ ಅದರ ಪರಿವೆಯೇ ಇಲ್ಲ. ನನಗೂ ನಂಬಿಕೆ ಬಂದಿರಲಿಲ್ಲ ಮಾರಾಯ, ಕೊರಳು ನೋಯೋ ತನಕ ಯೋಚನೆ ಮಾಡಿದ್ದೆ."

ಚುಕ್ಕೆಯ ಪಕ್ಕ ಚುಕ್ಕೆ, ಚುಕ್ಕೆಯ ಪಕ್ಕ ಚುಕ್ಕೆ. ಮುಂಜಾನೆ ಒಂದೊಂದಾಗಿ ಕಾಣಿಸುವ ಮನೆಗಳ ಹಾಗೆ ಅವು ಕಪ್ಪಿನಿಂದ ಎದ್ದು ಬಂದು ಸಾಲಾಗಿ ಬಾಗಿ ನಿಂತವು. ಯಾರೂ ಎಳೆಯದ ಅರ್ಧವೃತ್ತ ಅಲ್ಲಿ ಇತ್ತು.

"ಓ" ಎಂದು ಬರೆಯಿತು ಕೊನೇ ಬೆಂಚು. ಮತ್ತೆ: "ಓಓಓ. ಈಗ ಬಂತು."

ನನಗೆ ಎಷ್ಟು ಖುಷಿಯಾಯಿತೆಂದರೆ, ತಲೆಯೆತ್ತಿ ಅತ್ತೆಯನ್ನು ನೋಡಿದೆ. ಅತ್ತೆ ಫೋನನ್ನು ನೋಡುತ್ತಿದ್ದರು. ಅದರ ಪರದೆಯ ತುಂಬ ನಾನೇ ಇದ್ದೆ. ಬೋಳಿಸಿದ ಒಂದು ಕೈ, ಕರಡಿಯಂಥ ಇನ್ನೊಂದು ಕೈ, ಬನಿಯನ್, ಒಂದೇ ತೋಳು, ಮೂಗಿನ ಮೇಲೆ ಸುಣ್ಣ. ಪ್ರಶ್ನೆಗಳು ಜಲಪಾತದಂತೆ ಸುರಿಯುತ್ತಿದ್ದವು. ಯಾರಿದು? ಟೀಚರ್ ಎಲ್ಲಿ? ಟೀಚರ್ ಗಂಡಸಾ?

"ನಿಲ್ಲಿಸಿಬಿಡ್ಲಾ?" ಅಂದರು ಅಪ್ಪ ಬಾಗಿಲಿಂದ.

"ಬೇಡ ಅಣ್ಣ" ಅಂದರು ಅತ್ತೆ. ಕುರ್ಚಿಯನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಂಡರು. ಮಡಿಲಿನಿಂದ ಎಡಗೈ ತೆಗೆದು, ಆ ಚುಕ್ಕೆಗಳ ಪಕ್ಕ, ದೀಪದ ಕೆಳಗೆ ಇಟ್ಟರು.

"ಇವನು ನನ್ನ ಅಣ್ಣನ ಮಗ. ಐದು ವಾರದಿಂದ ನೀವು ನೋಡ್ತಿದ್ದ ಕೈ ಇವನದು. ನನ್ನ ಕೈ ಇದು. ನಡುಗುತ್ತೆ. ಅದಕ್ಕೆ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟಿದ್ದು ತಪ್ಪು. ಪರೀಕ್ಷೆಗೆ ಇನ್ನು ಒಂಬತ್ತು ದಿನ ಇದೆ. ಮುಂದಿನ ಪ್ರಶ್ನೆ ಕೇಳಿ."

ಹಲಗೆಯ ಮೇಲೆ ಅವರ ಉಗುರು ಸಣ್ಣಗೆ ಸದ್ದು ಮಾಡುತ್ತಿದ್ದುದು ಮೈಕಿನಲ್ಲಿ ಕೇಳುತ್ತಿತ್ತು. ಆಮೇಲೆ ಒಂದು ಸಾಲು ಬಂತು. ಯಾರದೆಂದು ನಾನು ನೋಡಲಿಲ್ಲ.

"ಟೀಚರ್, ಆ ಕಡೆ ತುದಿಯಲ್ಲಿ ಇನ್ನೂ ಚುಕ್ಕೆ ಬಾಕಿ ಇದೆ."

ಅತ್ತೆ ಸೀಮೆಸುಣ್ಣಕ್ಕೆ ಕೈ ಚಾಚಿದರು. ನಾನು ಪುಸ್ತಕ ಹಿಡಿದುಕೊಂಡು ಜರುಗಿಸಿದೆ, ಅವರು ಚುಕ್ಕೆ ಇಟ್ಟರು. ಒಂದು ಸ್ವಲ್ಪ ಹೊರಗೆ, ಒಂದು ಸ್ವಲ್ಪ ಒಳಗೆ, ಒಂದಕ್ಕೆ ಪುಟ್ಟ ಬಾಲ. ಆರು ಚುಕ್ಕೆ. ವ್ಯಾಸದ ತುದಿ ತಲುಪಿದ ಮೇಲೆ ಸೀಮೆಸುಣ್ಣ ಕೆಳಗಿಟ್ಟು, ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಬನಿಯನ್ ಮೇಲೆ ಏನಾದ್ರೂ ಹಾಕ್ಕೊಂಡು ಬನ್ನಿ. ಇನ್ನೂ ಹದಿನೈದು ನಿಮಿಷ ಇದೆ."

ಮಾರ್ಚ್ 9, ಭಾನುವಾರ

ಬೈಗುಳಗಳೂ ಬಂದಿವೆ. ಮೋಸ ಎಂದು ಕೆಲವರು. ನಂಬಿದ್ದೆವು ಎಂದು ಕೆಲವರು. ಆ ಲಾರಿ ಚಾಲಕರು ಏನೂ ಬರೆಯದೆ ಚಾನೆಲ್ ಬಿಟ್ಟು ಹೋಗಿದ್ದಾರೆ. ಅತ್ತೆ ಬೆಳಗಿನಿಂದ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದಾರೆ, ಬಲಗೈಯ ಒಂದೇ ಬೆರಳಲ್ಲಿ: ‘ಹೌದು. ತಪ್ಪಾಯಿತು.’ ನಾನು ಬರೆದುಕೊಡುತ್ತೇನೆ ಎಂದೆ.

"ಇದು ನಿನ್ನ ಕೈಯಿಂದ ಆಗೋದಲ್ಲ" ಅಂದರು.

ಮುಂದಿನ ವರ್ಷ ಪಾಠ ಇರುತ್ತದಾ ಎಂದು ಕೇಳಿದವರಿಗೆ ಮಾತ್ರ ಏನೂ ಬರೆಯಲಿಲ್ಲ. ಪಟ್ಟಿಯಲ್ಲಿ ಉಳಿದಿದ್ದ ಎರಡು ಪಾಠಗಳನ್ನು ಮಧ್ಯಾಹ್ನ ಮುಗಿಸಿದೆವು. ನಾನು ನನ್ನ ಅಂಗಿಯಲ್ಲೇ, ನನ್ನ ಕೈಯಾಗಿಯೇ ಎಳೆದೆ. ಪಟ್ಟಿಯ ಕೆಳಗಿನ ಗೆರೆ ತಲುಪಿದ ಮೇಲೆ ಅತ್ತೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ಆನಿಸಿಟ್ಟರು. ಮೇಜು ತುಂಬ ಅಗಲವಾಗಿ ಕಂಡಿತು. ಅಪ್ಪ ಅದರ ಮೇಲೆ ಬಟ್ಟೆ ಕತ್ತರಿಸಬಹುದಾ ಎಂದು ಕೇಳಿದರು. ನಾಳೆ ನೋಡೋಣ ಅಂದೆ.

ಮಾರ್ಚ್ 17, ಸೋಮವಾರ

ಗಣಿತ ಪರೀಕ್ಷೆ. ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ಗಂಭೀರವಾಗಿ ಹೋದರು, ಮಧ್ಯಾಹ್ನ ಕೂಗಾಡುತ್ತ ಬಂದರು. ನಾನು ಅಪ್ಪನಿಗೆ ದಾರ ತರಲು ಪೇಟೆಗೆ ಹೋಗಿ ಬಂದೆ. ಹಿಂದಿನ ಕೋಣೆಯಿಂದ ಸದ್ದು ಬರುತ್ತಿತ್ತು.

ಹಲಗೆ ಮೇಜಿನ ಮೇಲಿತ್ತು. ಅತ್ತೆ ಒಬ್ಬರೇ ಅದನ್ನು ಎತ್ತಿ ಮಲಗಿಸಿದ್ದರು. ಅರ್ಧ ಹಲಗೆ ಬರೆದಾಗಿತ್ತು. ದೊಡ್ಡ ದೊಡ್ಡ ಅಕ್ಷರ, ಅಲುಗಾಡುವ ನೀರಿನಲ್ಲಿ ಕಂಡ ಹಾಗೆ. ಮುಖ ಕೆಂಪಗಿತ್ತು.

"ಆರನೇ ಪ್ರಶ್ನೆ ನೋಡಿದೆಯಾ? ಮಕ್ಕಳು ಕಳಿಸಿದ್ದಾರೆ. ಅದಕ್ಕೆ ಉತ್ತರವೇ ಇಲ್ಲ ಕಣೋ! ಈ ಅಳತೆಯ ತ್ರಿಭುಜ ಕೂಡೋದೇ ಇಲ್ಲ. ಎರಡು ಬಾಹು ಸೇರಿದರೂ ಮೂರನೇದಕ್ಕೆ ಸಾಲದು. ಪಾಪ, ಅರ್ಧ ಗಂಟೆ ಅದರಲ್ಲೇ ಕೂತಿದ್ದವಂತೆ, ತಮ್ಮದೇ ತಪ್ಪು ಅಂದ್ಕೊಂಡು."

"ಸರಿ, ನಾನು ಎಳೀತೀನಿ, ನೀವು ಹೇಳಿ" ಎಂದು ತೋಳು ಮಡಚಿದೆ.

"ನಿನಗೆ ಗೊತ್ತಾಗಲ್ಲ, ನಾನೇ ಬರೀತಿದೀನಲ್ಲ. ಈ ಫೋನ್ ಆನ್ ಆಗೋದು ಎಲ್ಲಿ ಅದನ್ನ ಹೇಳು ಮೊದಲು."

ತೋರಿಸಿದೆ. ದೀಪ ಹಿಡಿದು ನಿಂತೆ.

ಏಪ್ರಿಲ್ 2, ಬುಧವಾರ

ನಾಳೆಯ ಪಾಠ: ಸ್ಪರ್ಶಕ. ‘ಸೀಮೆಸುಣ್ಣ’ದಲ್ಲಿ ಮುಂದಿನ ವರ್ಷ ಪರೀಕ್ಷೆಗೆ ಕೂರುವವರಿಗೆ ಮೊದಲ ಪಾಠ.

ಶುರುವಿಗೆ ವ್ಯಾಖ್ಯೆ ಬೇಡ. ಮೊದಲು ವೃತ್ತ, ಅದನ್ನು ಕತ್ತರಿಸುವ ಒಂದು ಗೆರೆ. ಗೆರೆಯನ್ನು ನಿಧಾನವಾಗಿ ಹೊರಗೆ ಸರಿಸುತ್ತ ಹೋಗುವುದು. ಎರಡು ಬಿಂದುಗಳು ಹತ್ತಿರ ಬರುತ್ತವೆ, ಇನ್ನೂ ಹತ್ತಿರ, ಒಂದಾಗುತ್ತವೆ. ಅಲ್ಲಿ ನಿಲ್ಲಿಸಿ, ಮಾತಾಡದೆ ಹತ್ತು ಎಣಿಸುವುದು. ಮಕ್ಕಳೇ ಕೇಳಲಿ.

ಮೊದಲ ಹತ್ತು ನಿಮಿಷ ನಾನು, ಆಮೇಲೆ ಸಾಧನೆ ಅತ್ತೆ. ಒಂದೇ ಬಿಂದುವನ್ನು ಮುಟ್ಟುವುದೆಂದರೆ ಎಷ್ಟು ಮುಟ್ಟಿದ ಹಾಗೆ ಎಂದು ಅತ್ತೆ ಊಟದ ಹೊತ್ತಿನಲ್ಲಿ ಕೇಳಿದರು. ನನಗೆ ಗೊತ್ತಿಲ್ಲ. ಅವರು ಹೇಳಲೂ ಇಲ್ಲ. ನಾಳೆ ಮಕ್ಕಳ ಮುಂದೆಯೇ ಒಟ್ಟಿಗೆ ನೋಡೋಣ ಅಂದರು.

ಸಣ್ಣ ಸೀಮೆಸುಣ್ಣ ಬೇಡ, ದಪ್ಪದ್ದು ತರಬೇಕು. ಫೋನನ್ನು ಒಂದು ಗೇಣು ಮೇಲಕ್ಕೆ ಏರಿಸಬೇಕು, ಇಬ್ಬರೂ ಹಿಡಿಸುವ ಹಾಗೆ. ನನ್ನ ವೃತ್ತವನ್ನು ಮೂಲೆಯಲ್ಲಿ ಚಿಕ್ಕದಾಗಿ ಎಳೆಯುವುದು. ಹಲಗೆಯ ಅರ್ಧಕ್ಕಿಂತ ಹೆಚ್ಚು ಅತ್ತೆಗೆ ಬಿಡಬೇಕು, ಅವರ ಗೆರೆಗೆ ಈಗ ಮೊದಲಿಗಿಂತ ಜಾಗ ಜಾಸ್ತಿ ಬೇಕು.